‘ಏನೋ ತಪ್ಪಾಗಿದೆ’ ಎನ್ನುವ ಪರದೆಯ ಹಿಂದೆ

ವಿದ್ಯುತ್ ಬಿಲ್ ಕಟ್ಟುವ, ರೈಲು ಟಿಕೆಟ್ ಕಾಯ್ದಿರಿಸುವ, ಪಹಣಿಯ ಪ್ರತಿ ಪಡೆಯುವ ಅಥವಾ ಬ್ಯಾಂಕ್ ಖಾತೆಯಿಂದ ಹಣ ಕಳುಹಿಸುವ ಜಾಲತಾಣವು ಬಳಸುವವರ ಕಣ್ಣಿಗೆ ಒಂದೇ ಯಂತ್ರದಂತೆ ಕಂಡರೂ, ಅದರ ಹಿಂದೆ ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಸಂಸ್ಥೆಗಳ ಸುಪರ್ದಿಯಲ್ಲಿ ಕೆಲಸ ಮಾಡುತ್ತಿರುವ ಹತ್ತಾರು ಕಂಪ್ಯೂಟರುಗಳಿರುತ್ತವೆ. ಓದಲು ಮಾತ್ರ ಇರುವ ಪುಟಗಳಿಂದ ಬೇರ್ಪಡಿಸಿ ಹೇಳಲು, ಬಳಕೆದಾರರಿಂದ ಮಾಹಿತಿ ಪಡೆದು ಅದರ ಮೇಲೆ ಕೆಲಸ ಮಾಡುವ ಇಂಥ ತಾಣಗಳನ್ನು ವೆಬ್ ಅಪ್ಲಿಕೇಶನ್ ಎಂದು ಕರೆಯುತ್ತಾರೆ. ಮೊಬೈಲಿನ ಬ್ರೌಸರ್ ಕಳುಹಿಸಿದ ವಿನಂತಿಯು ಸಂಸ್ಥೆಯ ಸರ್ವರನ್ನು ತಲುಪಿ, ಅಲ್ಲಿಂದ ಡೇಟಾಬೇಸಿಗೆ ಹೋಗಿ ಗ್ರಾಹಕರ ಖಾತೆಯನ್ನು ಹುಡುಕಿ, ಹಣ ವರ್ಗಾಯಿಸುವ ಮತ್ತೊಂದು ಸಂಸ್ಥೆಯನ್ನೂ ಅದರ ಮೂಲಕ ಬ್ಯಾಂಕನ್ನೂ ಕೇಳಿ, ಬಂದ ಉತ್ತರವನ್ನು ಹೊತ್ತು ಅದೇ ದಾರಿಯಲ್ಲಿ ಹಿಂದಿರುಗಬೇಕು. ಇಷ್ಟೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಡೆಯುವಾಗ ಎಲ್ಲೋ ಒಂದು ಕಡೆ ಸಂಪರ್ಕ ಕಡಿಯುವುದು, ಡಿಸ್ಕ್ ತುಂಬುವುದು, ನಿರೀಕ್ಷೆ ಇಲ್ಲದ ಅಂಕಿಯೊಂದು ಬಂದು ಲೆಕ್ಕ ತಪ್ಪುವುದು ನಿತ್ಯದ ಸಂಗತಿಯೇ ಹೊರತು ಅಪರೂಪದ ಅವಘಡವಲ್ಲ.

ಆದ್ದರಿಂದ ತಂತ್ರಾಂಶ ಬರೆಯುವವರು ಎಲ್ಲವೂ ಸರಿಯಾಗಿ ನಡೆದಾಗ ಏನಾಗಬೇಕು ಎಂಬುದರ ಜೊತೆಗೆ, ಕೆಟ್ಟಾಗ ಏನಾಗಬೇಕು ಎಂಬುದನ್ನೂ ಬರೆದಿಡಬೇಕಾಗುತ್ತದೆ. ಕೆಟ್ಟದ್ದನ್ನು ಗುರುತಿಸಿ ಮುಂದಿನ ದಾರಿಯನ್ನು ತೀರ್ಮಾನಿಸುವ ಕೆಲಸಕ್ಕೆ ದೋಷ ನಿರ್ವಹಣೆ ಎಂದೂ, ಏನು ನಡೆಯಿತೆಂಬುದನ್ನು ಸಮಯಸಹಿತ ಬರೆದಿಡುವ ಕೆಲಸಕ್ಕೆ ಲಾಗಿಂಗ್ ಎಂದೂ, ಹಾಗೆ ಬರೆದ ದಾಖಲೆಗೆ ಲಾಗ್ ಎಂದೂ ಹೆಸರು. ಒಂದು ವ್ಯವಸ್ಥೆ ಎಷ್ಟು ವೇಗವಾಗಿದೆ, ಎಷ್ಟು ಚಂದವಾಗಿದೆ ಎಂಬುದನ್ನು ಬಳಕೆದಾರರು ಮೊದಲ ದಿನವೇ ಅಳೆಯಬಲ್ಲರು. ಅದು ಎಷ್ಟು ಪ್ರಾಮಾಣಿಕವಾಗಿದೆ ಎಂಬುದು ಮಾತ್ರ ಗೊತ್ತಾಗುವುದು ಅದು ಕೆಟ್ಟ ದಿನ, ಮತ್ತು ಆ ಪ್ರಾಮಾಣಿಕತೆ ನಿಂತಿರುವುದು ಈ ಎರಡು ಕೆಲಸಗಳ ಮೇಲೆ.

ದೋಷಗಳೆಲ್ಲ ಒಂದೇ ಜಾತಿಯವಲ್ಲ. ಬಳಕೆದಾರರು ಗ್ರಾಹಕ ಸಂಖ್ಯೆಯನ್ನು ತಪ್ಪಾಗಿ ಬರೆದರೆ ಅದನ್ನು ಅವರೇ ಸರಿಪಡಿಸಬಲ್ಲರು. ಕಾರ್ಯಕ್ರಮ ಬರೆದವರ ತರ್ಕವೇ ತಪ್ಪಿದ್ದರೆ ಬಳಕೆದಾರರು ಎಷ್ಟು ಬಾರಿ ಪ್ರಯತ್ನಿಸಿದರೂ ಫಲವಿಲ್ಲ. ಬ್ಯಾಂಕಿನ ಸರ್ವರ್ ಕ್ಷಣಕಾಲ ಕೈಕೊಟ್ಟಿದ್ದರೆ ತುಸು ಹೊತ್ತು ಕಾದು ಮತ್ತೆ ಕೇಳಿದರೆ ಸಾಕು. ವೆಬ್‌ನ ಭಾಷೆಯಾದ ಎಚ್‌ಟಿಟಿಪಿ ಈ ಭೇದವನ್ನು ಬಹು ಹಿಂದೆಯೇ ಗುರುತಿಸಿದೆ. 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ವಿವರಣೆಯಲ್ಲೇ ಪ್ರತಿ ಉತ್ತರಕ್ಕೂ ಮೂರಂಕಿಯ ಸಂಕೇತವೊಂದು ಇರಬೇಕೆಂಬ ನಿಯಮವಿದ್ದು, 2ರಿಂದ ಆರಂಭವಾಗುವ ಸಂಖ್ಯೆ ಕೆಲಸ ಆಯಿತೆಂದೂ, 4ರಿಂದ ಆರಂಭವಾಗುವುದು ಕೇಳಿದವರ ಕಡೆಯಲ್ಲಿ ತಪ್ಪಿದೆಯೆಂದೂ, 5ರಿಂದ ಆರಂಭವಾಗುವುದು ಉತ್ತರ ಕೊಡಬೇಕಾದ ಸರ್ವರಿನ ಕಡೆಯಲ್ಲೇ ತಪ್ಪಿದೆಯೆಂದೂ ಸೂಚಿಸುತ್ತದೆ. ಕೇಳಿದ ಪುಟ ಸಿಗದಿದ್ದಾಗ ಕಾಣುವ 404, ಸರ್ವರಿನೊಳಗೆ ಏನೋ ಮುರಿದಾಗ ಬರುವ 500, ಸೇವೆ ಸದ್ಯಕ್ಕೆ ಲಭ್ಯವಿಲ್ಲವೆನ್ನುವ 503 ಸಾಮಾನ್ಯ ಓದುಗರಿಗೂ ಪರಿಚಿತವಾಗಿರುವ ಸಂಖ್ಯೆಗಳು.

ಇಲ್ಲಿ ತಪ್ಪು ಯಾರದೆಂದು ಹೇಳುವ ಹೊಣೆ ತಂತ್ರಾಂಶದ್ದೇ ಆಗಿರುವುದರಿಂದ ಅದು ಸುಳ್ಳು ಹೇಳುವ ಸಾಧ್ಯತೆಯೂ ಇದೆ. ಒಳಗೆ ಕೆಲಸ ಕೆಟ್ಟಿದ್ದರೂ 200 ಎಂಬ ಯಶಸ್ಸಿನ ಸಂಕೇತ ಕಳುಹಿಸಿ, ಪುಟದ ಮೂಲೆಯಲ್ಲೆಲ್ಲೋ ‘ವಿಫಲ’ ಎಂದು ಬರೆಯುವ ತಾಣಗಳು ಇಂದಿಗೂ ಹೇರಳವಾಗಿವೆ. ಮನುಷ್ಯರು ಆ ಬರಹವನ್ನು ಓದಿಯಾರು, ಆದರೆ ತಾಣದ ಆರೋಗ್ಯವನ್ನು ಗಮನಿಸುತ್ತಿರುವ ಕಾವಲು ತಂತ್ರಾಂಶಗಳು ಸಂಕೇತವನ್ನಷ್ಟೇ ಎಣಿಸುವುದರಿಂದ, ಸಾವಿರಾರು ಜನರ ಪಾವತಿ ಸೋಲುತ್ತಿರುವಾಗಲೂ ನಿಯಂತ್ರಣ ಕೊಠಡಿಯ ಫಲಕದಲ್ಲಿ ಎಲ್ಲವೂ ಹಸಿರಾಗಿಯೇ ಇರುತ್ತದೆ.

ಕಾರ್ಯಕ್ರಮದೊಳಗೆ ದೋಷವೊಂದು ಹುಟ್ಟಿದಾಗ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡ ಕೆಲಸವನ್ನು ಚಿಕ್ಕಚಿಕ್ಕ ತುಂಡುಗಳಾಗಿ ಒಡೆದು, ಒಂದು ತುಂಡು ಇನ್ನೊಂದನ್ನು ಕರೆದು ಕೆಲಸ ಮಾಡಿಸಿಕೊಳ್ಳುವುದು ತಂತ್ರಾಂಶದ ಸಾಮಾನ್ಯ ರಚನೆ. ಗ್ರಾಮ ಆಡಳಿತ ಅಧಿಕಾರಿಗಳ ಹಂತದಲ್ಲಿ ತೀರ್ಮಾನವಾಗದ ಕಡತವು ಕಂದಾಯ ನಿರೀಕ್ಷಕರಿಗೂ, ಅಲ್ಲಿಯೂ ಆಗದಿದ್ದರೆ ತಹಶೀಲ್ದಾರರಿಗೂ ಏರಿಹೋಗುವಂತೆ, ಕೆಳಗಿನ ತುಂಡಿನಲ್ಲಿ ಹುಟ್ಟಿದ ದೋಷವು ತನ್ನನ್ನು ಕರೆದ ಮೇಲಿನ ತುಂಡಿಗೆ, ಅಲ್ಲಿಂದ ಅದರ ಮೇಲಿನದಕ್ಕೆ ಏರುತ್ತ, ಅದನ್ನು ಬಗೆಹರಿಸುವ ಅಧಿಕಾರ ಮತ್ತು ಮಾಹಿತಿ ಎರಡೂ ಇರುವ ಹಂತವನ್ನು ತಲುಪುತ್ತದೆ. ಹೀಗೆ ಮೇಲೇರುವ ದೋಷಸೂಚನೆಗೆ ಎಕ್ಸೆಪ್ಶನ್ ಎಂದು ಹೆಸರು. 1960ರ ದಶಕದಲ್ಲಿ ಐಬಿಎಂ ರೂಪಿಸಿದ ಪಿಎಲ್/1 ಭಾಷೆಯಲ್ಲಿ ಇದರ ಆರಂಭದ ರೂಪವಿದ್ದು, 1970ರ ದಶಕದಲ್ಲಿ ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಅವರ ಸಂಗಡಿಗರು ಕಟ್ಟಿದ ಸಿಎಲ್‌ಯು ಭಾಷೆಯಲ್ಲಿ ಅದಕ್ಕೆ ಖಚಿತವಾದ ಆಕಾರ ಬಂದಿತು. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದವು ಅದೇ ಹಾದಿಯಲ್ಲಿ ನಡೆದಿವೆ. ಗೋ ಮತ್ತು ರಸ್ಟ್ ಭಾಷೆಗಳು ಬೇರೆ ನಿಲುವು ತಳೆದು, ದೋಷವನ್ನು ಉತ್ತರದ ಜೊತೆಗೆ ಮೌಲ್ಯವಾಗಿಯೇ ಕೈಗಿಡುತ್ತವೆ. ಕರೆದವರು ಅದನ್ನು ಅಲ್ಲಿಯೇ ಪರಿಶೀಲಿಸಬೇಕೆಂಬುದು ಅವುಗಳ ಅಪೇಕ್ಷೆ.

ಯಾವ ವಿಧಾನವಾದರೂ ಆಗಲಿ, ಅದನ್ನು ಹಾಳುಮಾಡುವ ಅತಿ ಸುಲಭದ ಮಾರ್ಗ ಒಂದೇ: ದೋಷವನ್ನು ಹಿಡಿದು ಏನೂ ಮಾಡದೆ ಬಿಟ್ಟುಬಿಡುವುದು. ಹಿಡಿಯುವ ಸಾಲನ್ನು ಬರೆದು ಅದರೊಳಗಿನ ಜಾಗವನ್ನು ಖಾಲಿ ಬಿಟ್ಟರೆ ದೋಷ ಮೇಲೇರುವುದಿಲ್ಲ, ದಾಖಲಾಗುವುದಿಲ್ಲ, ಬಳಕೆದಾರರಿಗೂ ತಿಳಿಯುವುದಿಲ್ಲ, ಮತ್ತು ಕಾರ್ಯಕ್ರಮವು ಅರ್ಧ ಮುಗಿದ ಲೆಕ್ಕವನ್ನೇ ಪೂರ್ಣವೆಂದು ಭಾವಿಸಿ ಮುಂದುವರಿಯುತ್ತದೆ. ತಂತ್ರಜ್ಞರು ಇದನ್ನು ದೋಷ ನುಂಗುವುದು ಎನ್ನುತ್ತಾರೆ. ಅವಸರದ ಗಡುವಿನಲ್ಲಿ ‘ಆಮೇಲೆ ನೋಡೋಣ’ ಎಂಬ ಟಿಪ್ಪಣಿಯೊಂದಿಗೆ ಬರೆದ ಇಂಥ ಖಾಲಿ ಜಾಗಗಳು ವರ್ಷಗಟ್ಟಲೆ ಹಾಗೆಯೇ ಉಳಿಯುವುದು ಎಲ್ಲ ಊರಿನ ಎಲ್ಲ ಕಂಪನಿಗಳ ಅನುಭವ.

ಇದು ಕೇವಲ ಶಿಸ್ತಿನ ಮಾತಲ್ಲ ಎಂಬುದಕ್ಕೆ ಟೊರಾಂಟೊ ವಿಶ್ವವಿದ್ಯಾಲಯದ ಡಿಂಗ್ ಯುವಾನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ದೊಡ್ಡ ಪ್ರಮಾಣದ ಮಾಹಿತಿಯನ್ನು ಹಲವು ಕಂಪ್ಯೂಟರುಗಳಲ್ಲಿ ಹಂಚಿಡಲು ಜಗತ್ತಿನ ತುಂಬ ಬಳಕೆಯಲ್ಲಿರುವ ಕಸಾಂಡ್ರ, ಎಚ್‌ಬೇಸ್, ಎಚ್‌ಡಿಎಫ್‌ಎಸ್, ಮ್ಯಾಪ್‌ರೆಡ್ಯೂಸ್ ಮತ್ತು ರೆಡಿಸ್ ಎಂಬ ಐದು ತಂತ್ರಾಂಶಗಳಲ್ಲಿ ಬಳಕೆದಾರರು ವರದಿ ಮಾಡಿದ 198 ವೈಫಲ್ಯಗಳನ್ನು ಅವರು ಬಿಡಿಬಿಡಿಯಾಗಿ ಪರಿಶೀಲಿಸಿದರು. ಅವುಗಳ ಪೈಕಿ ಇಡೀ ವ್ಯವಸ್ಥೆಯನ್ನೇ ಅಥವಾ ಬಹುಪಾಲು ಬಳಕೆದಾರರನ್ನು ತಟ್ಟಿದ ಮಹಾ ವೈಫಲ್ಯಗಳು 48. ಅವುಗಳಲ್ಲಿ ಶೇಕಡಾ 92ರಷ್ಟಕ್ಕೆ ಕಾರಣ, ತಂತ್ರಾಂಶವೇ ಸ್ಪಷ್ಟವಾಗಿ ಸೂಚಿಸಿದ್ದ, ಮಾರಕವಲ್ಲದ ದೋಷವೊಂದನ್ನು ಸರಿಯಾಗಿ ನಿರ್ವಹಿಸದೆ ಹೋದದ್ದು. ಶೇಕಡಾ 35ರಷ್ಟರಲ್ಲಿ ಆ ನಿರ್ವಹಣೆಯ ತಪ್ಪು ತೀರ ಸಾಮಾನ್ಯವಾದದ್ದಾಗಿದ್ದು, ಖಾಲಿ ಬಿಟ್ಟ ಜಾಗ, ಲಾಗ್ ಬರೆದು ಸುಮ್ಮನಾದದ್ದು, ಮುಂದೆ ಸರಿಪಡಿಸಬೇಕೆಂಬ ಟಿಪ್ಪಣಿ ಮಾತ್ರ ಉಳಿದದ್ದು ಮುಂತಾದವು ಅದರಲ್ಲಿ ಸೇರಿವೆ. ಸಣ್ಣ ದೋಷವೊಂದು ಬಾಯಿಬಿಟ್ಟು ಹೇಳಿಕೊಂಡಿದ್ದರೂ ಕೇಳಿಸಿಕೊಳ್ಳುವವರಿಲ್ಲದೆ ದೊಡ್ಡ ಕುಸಿತವಾಗಿ ಬೆಳೆದ ಇಂಥ ಪ್ರಕರಣಗಳನ್ನು ದುರದೃಷ್ಟ ಎಂದು ಕರೆಯಲಾಗದು, ಇವು ನಿರ್ಲಕ್ಷ್ಯಗಳು.

ಸೋಲು ಮತ್ತು ಗೆಲುವುಗಳ ನಡುವೆ ಮೂರನೆಯ ಸ್ಥಿತಿಯೊಂದಿದೆ, ಮತ್ತು ವೆಬ್ ಅಪ್ಲಿಕೇಶನ್ನುಗಳ ಅತ್ಯಂತ ಕಠಿಣ ಪ್ರಶ್ನೆಗಳು ಹುಟ್ಟುವುದು ಅಲ್ಲಿಯೇ. ಒಂದು ಸರ್ವರ್ ಇನ್ನೊಂದಕ್ಕೆ ಕೋರಿಕೆ ಕಳುಹಿಸಿ, ಉತ್ತರಕ್ಕಾಗಿ ನಿಗದಿತ ಸಮಯ ಕಾದು, ಬಾರದಿದ್ದಾಗ ಕಾಯುವುದನ್ನು ನಿಲ್ಲಿಸುವುದಕ್ಕೆ ಟೈಮ್‌ಔಟ್ ಎನ್ನುತ್ತಾರೆ. ಕೋರಿಕೆಯೇ ತಲುಪಲಿಲ್ಲವೋ, ತಲುಪಿ ಕೆಲಸ ಆಗಲಿಲ್ಲವೋ, ಅಥವಾ ಕೆಲಸ ಆಗಿಯೂ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ ಎಂಬುದನ್ನು ಕಾಯುತ್ತಿದ್ದ ಸರ್ವರ್ ಆ ಕ್ಷಣದಲ್ಲಿ ತಿಳಿಯಲಾರದು. ಖಾತೆಯಿಂದ ಹಣ ಕಡಿತವಾದ ಸಂದೇಶ ಬಂದಿದ್ದರೂ ಅಂಗಡಿಯವರ ಫೋನಿನಲ್ಲಿ ಹಣ ಬಂದ ಸದ್ದು ಕೇಳಿಸದಿರುವ, ಯುಪಿಐ ಬಳಸುವ ಪ್ರತಿಯೊಬ್ಬರೂ ಒಮ್ಮೆಯಾದರೂ ಕಂಡಿರುವ ಗೊಂದಲದ ಮೂಲ ಇದೇ. ಈ ಸ್ಥಿತಿಯನ್ನು ‘ವಿಫಲ’ ಎಂದು ತೋರಿಸಿದರೆ ಗ್ರಾಹಕರು ಮತ್ತೊಮ್ಮೆ ಹಣ ಕಳುಹಿಸಿ ಎರಡು ಬಾರಿ ಕಳೆದುಕೊಳ್ಳುತ್ತಾರೆ. ‘ಯಶಸ್ವಿ’ ಎಂದು ತೋರಿಸಿದರೆ ಅಂಗಡಿಯವರು ಸರಕು ಕೊಟ್ಟು ಕಳೆದುಕೊಳ್ಳುತ್ತಾರೆ. ‘ಇನ್ನೂ ತೀರ್ಮಾನವಾಗಿಲ್ಲ’ ಎಂಬ ನಿಜವನ್ನು ಹೇಳಿ, ಹಿನ್ನೆಲೆಯಲ್ಲಿ ಬ್ಯಾಂಕನ್ನು ಮತ್ತೆಮತ್ತೆ ವಿಚಾರಿಸುತ್ತ, ಕೊನೆಗೆ ಒಂದು ಕಡೆಗೆ ಲೆಕ್ಕ ತೀರಿಸುವುದೇ ಸರಿಯಾದ ದಾರಿ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ತಂತ್ರಾಂಶದ ಇತಿಹಾಸ ತೋರಿಸಿದೆ. ಅಲ್ಲಿ ಗುತ್ತಿಗೆಯ ಆಧಾರದ ಮೇಲೆ ಶಾಖೆಗಳನ್ನು ನಡೆಸುವ ಉಪ ಅಂಚೆ ಮಾಸ್ತರರ ಲೆಕ್ಕಪತ್ರಕ್ಕಾಗಿ ಫುಜಿತ್ಸು ಸಂಸ್ಥೆ ಒದಗಿಸಿದ ಈ ವ್ಯವಸ್ಥೆ 1999ರಿಂದ ಶಾಖೆಗಳಿಗೆ ಬರತೊಡಗಿ, 2010ರ ಹೊತ್ತಿಗೆ ಆನ್‌ಲೈನ್ ರೂಪ ಪಡೆಯಿತು. 2015ರ ಅಕ್ಟೋಬರಿನಲ್ಲಿ ಸ್ಕಾಟ್‌ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನ ಶಾಖೆಯಿಂದ ಅದರ ಅಧೀನದ ಸಣ್ಣ ಹೊರಶಾಖೆಗೆ 8,000 ಪೌಂಡ್ ನಗದನ್ನು ವರ್ಗಾಯಿಸುವಾಗ, ಹಣ ಬಂದುದನ್ನು ದೃಢಪಡಿಸುವ ಪರದೆ ಕದಲದೆ ನಿಂತುಬಿಟ್ಟಿತು. ಕೆಲಸ ಆಯಿತೆಂದಾಗಲಿ ಆಗಲಿಲ್ಲವೆಂದಾಗಲಿ ಅದು ಹೇಳದಿದ್ದುದರಿಂದ ಎಂಟರ್ ಕೀಲಿಯನ್ನು ಮತ್ತೆ ಒತ್ತಲಾಯಿತು. ಪ್ರತಿ ಒತ್ತಿಗೂ ತಂತ್ರಾಂಶ 8,000 ಪೌಂಡನ್ನು ಹೊಸದಾಗಿ ದಾಖಲಿಸುತ್ತ ಹೋಗಿ, ಲೆಕ್ಕದಲ್ಲಿ 32,000 ಪೌಂಡ್ ಬಂದಂತಾಯಿತು. ಪೆಟ್ಟಿಗೆಯಲ್ಲಿ ಇಲ್ಲದ 24,000 ಪೌಂಡ್ ಖೋತಾ ಎಂದು ಕಾಣಿಸಿತು. ಆಮೇಲೆ ಹಳೆಯ ದಾಖಲೆಗಳನ್ನು ಹುಡುಕಿದಾಗ, ಒಂದೇ ಹಣದ ಚೀಲದ ಗುರುತಿನ ಸಂಖ್ಯೆ ಹೀಗೆ ಮರಳಿ ದಾಖಲಾದ ಪ್ರಕರಣಗಳು ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ 88 ಶಾಖೆಗಳಲ್ಲಿ 112 ಇದ್ದವೆಂದು ಕಂಡುಬಂದಿತು.

ಚೀಲಕ್ಕೆ ವಿಶಿಷ್ಟವಾದ ಸಂಖ್ಯೆಯಿತ್ತು, ಆ ಸಂಖ್ಯೆ ದಾಖಲೆಯಲ್ಲೂ ಇತ್ತು, ಆದರೆ ‘ಈ ಸಂಖ್ಯೆಯ ಚೀಲವನ್ನು ಆಗಲೇ ಸ್ವೀಕರಿಸಿದ್ದೇನೆಯೇ’ ಎಂದು ಕೇಳಿಕೊಳ್ಳುವ ಒಂದು ಪರೀಕ್ಷೆ ಅಲ್ಲಿ ಫಲ ಕೊಡಲಿಲ್ಲ. ಇಂದಿನ ಪಾವತಿ ವ್ಯವಸ್ಥೆಗಳು ಇದನ್ನು ಮೊದಲ ಪಾಠವಾಗಿ ಅನುಸರಿಸುತ್ತವೆ: ಗ್ರಾಹಕರು ಗುಂಡಿ ಒತ್ತುವ ಮೊದಲೇ ಆ ವ್ಯವಹಾರಕ್ಕೊಂದು ಗುರುತಿನ ಸಂಖ್ಯೆ ಹುಟ್ಟಿಸಿ, ಅದೇ ಸಂಖ್ಯೆಯ ಕೋರಿಕೆ ಎಷ್ಟು ಬಾರಿ ಬಂದರೂ ಹಣವನ್ನು ಒಮ್ಮೆ ಮಾತ್ರ ಕಡಿತಮಾಡಿ, ಉಳಿದ ಬಾರಿ ಮೊದಲ ಉತ್ತರವನ್ನೇ ಹಿಂದಿರುಗಿಸುತ್ತವೆ. ಹಲವು ಬಾರಿ ಮಾಡಿದರೂ ಒಮ್ಮೆ ಮಾಡಿದಷ್ಟೇ ಪರಿಣಾಮವಿರುವ ಈ ಗುಣಕ್ಕೆ ಐಡೆಂಪೊಟೆನ್ಸಿ ಎಂದು ಹೆಸರು. ಹೆಸರು ಕಠಿಣವಾದರೂ ಸಾಮಾನ್ಯರ ದುಡ್ಡನ್ನು ಇದಕ್ಕಿಂತ ಹೆಚ್ಚು ಕಾಪಾಡುವ ಗುಣ ತಂತ್ರಾಂಶದಲ್ಲಿ ಮತ್ತೊಂದಿಲ್ಲ. ಸರ್ವರುಗಳು ತಾವಾಗಿಯೇ ಮರುಪ್ರಯತ್ನ ಮಾಡುವಾಗಲೂ ಇದು ಬೇಕು. ಜೊತೆಗೆ ಪ್ರತಿ ಸೋಲಿನ ನಂತರ ಕಾಯುವ ಅವಧಿಯನ್ನು ಇಮ್ಮಡಿಗೊಳಿಸುತ್ತ ಹೋಗಬೇಕು. ಇಲ್ಲವಾದರೆ ಸುಸ್ತಾದ ಸರ್ವರೊಂದು ಚೇತರಿಸಿಕೊಳ್ಳುವ ಹೊತ್ತಿಗೆ ಎಲ್ಲರ ಮರುಪ್ರಯತ್ನಗಳೂ ಒಟ್ಟಿಗೆ ಬಂದು ಅದನ್ನು ಮತ್ತೆ ಕೆಡವುತ್ತವೆ.

ದೋಷಕ್ಕೆ ಇಬ್ಬರು ಕೇಳುಗರಿದ್ದಾರೆ: ಪರದೆಯ ಮುಂದಿರುವ ಬಳಕೆದಾರರು ಮತ್ತು ಅದನ್ನು ದುರಸ್ತಿ ಮಾಡಬೇಕಾದ ತಂತ್ರಜ್ಞರು. ಇಬ್ಬರಿಗೂ ಬೇಕಾದ ಮಾಹಿತಿ ಬೇರೆಬೇರೆ, ಮತ್ತು ಒಬ್ಬರಿಗೆ ಹೇಳಬೇಕಾದುದು ಮತ್ತೊಬ್ಬರ ಕಿವಿಗೆ ಬಿದ್ದರೆ ಅನರ್ಥವಾಗುತ್ತದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಅರಿಯಾನ್ 5 ರಾಕೆಟ್ ಇದಕ್ಕೆ ವೆಬ್‌ನ ಹೊರಗಿನ ಉದಾಹರಣೆ. ನೆಲ ಬಿಟ್ಟ ಸುಮಾರು 30 ಸೆಕೆಂಡುಗಳಿಗೆ, 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಜಾಗಕ್ಕೆ ತುಂಬಲಾಗದೆ ಅದರ ಚಲನಮಾಪಕ ಕಂಪ್ಯೂಟರಿನಲ್ಲಿ ಎಕ್ಸೆಪ್ಶನ್ ಹುಟ್ಟಿತು. ಅದನ್ನು ಹಿಡಿಯುವ ಏರ್ಪಾಡು ಅಲ್ಲಿರಲಿಲ್ಲವಾದ್ದರಿಂದ ಆ ಕಂಪ್ಯೂಟರ್ ತನ್ನ ದೋಷವಿವರವನ್ನು ಕಳುಹಿಸಿ ಕೆಲಸ ನಿಲ್ಲಿಸಿತು. ತಂತ್ರಜ್ಞರು ಓದಬೇಕಿದ್ದ ಆ ವಿವರವನ್ನು ರಾಕೆಟ್ ನಡೆಸುತ್ತಿದ್ದ ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿಯೆಂದೇ ತಿಳಿದು ನಳಿಕೆಗಳನ್ನು ಪೂರ್ತಿ ಓರೆಯಾಗಿಸಿದ್ದರಿಂದ ರಾಕೆಟ್ ಮುರಿದು ನಾಶವಾಯಿತು.

ವೆಬ್ ಅಪ್ಲಿಕೇಶನ್ನಿನಲ್ಲಿ ಈ ತಪ್ಪು ಸಾಮಾನ್ಯವಾಗಿ ಇನ್ನೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ದೋಷ ಹುಟ್ಟಿದ ಜಾಗದಿಂದ ಮೇಲಿನವರೆಗಿನ ಹಾದಿಯನ್ನು ಸಾಲುಸಾಲಾಗಿ ತೋರಿಸುವ ಪಟ್ಟಿಗೆ ಸ್ಟ್ಯಾಕ್ ಟ್ರೇಸ್ ಎನ್ನುತ್ತಾರೆ. ದುರಸ್ತಿಗೆ ಅದಕ್ಕಿಂತ ಉಪಯುಕ್ತವಾದುದು ಇಲ್ಲ. ಆದರೆ ಅದನ್ನೇ ಬಳಕೆದಾರರ ಪರದೆಯ ಮೇಲೆ ಹರಡಿದರೆ ಕಡತಗಳ ಹೆಸರು, ಡೇಟಾಬೇಸಿನ ರಚನೆ, ಬಳಸಿದ ತಂತ್ರಾಂಶದ ಆವೃತ್ತಿ ಎಲ್ಲವೂ ಬಯಲಾಗಿ, ಒಳನುಗ್ಗಲು ಹೊಂಚುಹಾಕುವವರಿಗೆ ನಕ್ಷೆ ಕೊಟ್ಟಂತಾಗುತ್ತದೆ. ಪಾಸ್‌ವರ್ಡ್ ತಪ್ಪಾದಾಗ ‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ’ ಎಂದು ಅಸ್ಪಷ್ಟವಾಗಿ ಹೇಳುವುದೂ ಇದೇ ಕಾರಣಕ್ಕೆ: ಹೆಸರು ಸರಿಯಿದೆ, ಪಾಸ್‌ವರ್ಡ್ ಮಾತ್ರ ತಪ್ಪು ಎಂದು ತಿಳಿಸಿದರೆ ಯಾರ ಖಾತೆ ಅಲ್ಲಿದೆ ಎಂಬುದು ಅಪರಿಚಿತರಿಗೆ ಗೊತ್ತಾಗುತ್ತದೆ.

ಹಾಗೆಂದು ‘ಏನೋ ತಪ್ಪಾಗಿದೆ, ದಯವಿಟ್ಟು ಮತ್ತೆ ಪ್ರಯತ್ನಿಸಿ’ ಎಂದು ಎಲ್ಲಕ್ಕೂ ಒಂದೇ ಮಾತು ಹೇಳುವುದೂ ಕರ್ತವ್ಯಲೋಪವೇ. ಹಣ ಕಡಿತವಾಗಿದೆಯೇ ಇಲ್ಲವೇ, ತುಂಬಿದ ಅರ್ಜಿ ಉಳಿದಿದೆಯೇ ಅಳಿಸಿಹೋಗಿದೆಯೇ, ಈಗಲೇ ಮತ್ತೆ ಪ್ರಯತ್ನಿಸಬೇಕೇ ಅಥವಾ ಕಾಯಬೇಕೇ, ಕೇಳುವುದಾದರೆ ಯಾವ ಸಂಖ್ಯೆಯನ್ನು ಹೇಳಿ ಕೇಳಬೇಕು ಎಂಬುದಿಷ್ಟು ಬಳಕೆದಾರರಿಗೆ ಸಿಗಲೇಬೇಕಾದ ಉತ್ತರ. ಕನ್ನಡದಲ್ಲಿ ಅರ್ಜಿ ತುಂಬಿಸಿಕೊಂಡ ತಾಣವು ದೋಷ ಬಂದ ಕೂಡಲೇ ಇಂಗ್ಲಿಷಿಗೆ ಜಾರಿ, ಎಕ್ಸೆಪ್ಶನ್ನಿನ ಹೆಸರನ್ನು ಹಾಗೆಯೇ ಮುಂದಿಡುವುದನ್ನು ಕಂಡಾಗ, ದೋಷದ ಸಂದೇಶಗಳನ್ನು ಯಾರೂ ಬರಹವೆಂದು ಪರಿಗಣಿಸಿಯೇ ಇಲ್ಲವೆಂದು ತೋರುತ್ತದೆ. ಜನ ಅತಿ ಹೆಚ್ಚು ಗಾಬರಿಯಲ್ಲಿ, ಅತಿ ಹೆಚ್ಚು ಗಮನಕೊಟ್ಟು ಓದುವ ಸಾಲುಗಳು ಅವೇ ಆಗಿರುತ್ತವೆ.

ಇನ್ನು ತಂತ್ರಜ್ಞರ ಕಡೆಯ ಮಾತು. 1980ರ ದಶಕದ ಆರಂಭದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಎಂಬುವರು ತಮ್ಮ ಇಮೇಲ್ ರವಾನೆಯ ತಂತ್ರಾಂಶವಾದ ಸೆಂಡ್‌ಮೇಲ್‌ಗಾಗಿ ರೂಪಿಸಿದ ಸಿಸ್‌ಲಾಗ್ ಎಂಬ ಏರ್ಪಾಡು ಕ್ರಮೇಣ ಎಲ್ಲ ತಂತ್ರಾಂಶಗಳ ದಾಖಲೆ ಬರೆಯುವ ಪದ್ಧತಿಯಾಗಿ ಹರಡಿತು. ಅದರಲ್ಲಿ ತುರ್ತಿನ 0ಯಿಂದ ಹಿಡಿದು ಪರಿಶೋಧನೆಯ ಸೂಕ್ಷ್ಮ ವಿವರಗಳ 7ರವರೆಗೆ ಎಂಟು ಮಟ್ಟಗಳಿದ್ದು, ಇಂದಿನ ವೆಬ್ ಅಪ್ಲಿಕೇಶನ್ನುಗಳು ಸಾಮಾನ್ಯವಾಗಿ ಬಳಸುವ ಡೀಬಗ್, ಇನ್ಫೊ, ವಾರ್ನಿಂಗ್, ಎರರ್ ಎಂಬ ಮಟ್ಟಗಳು ಅದೇ ಕುಲದವು. ಒಳ್ಳೆಯ ಲಾಗ್ ಸಾಲು ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ:

2025-03-14 15:42:07.318 ಯುಟಿಸಿ | ಎರರ್ | ಪಾವತಿ ಸೇವೆ | ವಿನಂತಿ 7ಸಿ1ಎಫ್90 | ಬ್ಯಾಂಕಿನ ಉತ್ತರ 30 ಸೆಕೆಂಡುಗಳಲ್ಲಿ ಬರಲಿಲ್ಲ | ಪ್ರಯತ್ನ 2/3 | ಸ್ಥಿತಿ: ತೀರ್ಮಾನವಾಗಿಲ್ಲ

ಇದರಲ್ಲಿ ಯಾವಾಗ, ಎಲ್ಲಿ, ಯಾವ ವಿನಂತಿಗೆ, ಏನಾಯಿತು ಮತ್ತು ತಂತ್ರಾಂಶ ಅದಕ್ಕೆ ಏನು ಮಾಡಿತು ಎಂಬ ಐದೂ ಇವೆ. ‘ಪಾವತಿಯಲ್ಲಿ ದೋಷ’ ಎಂದಷ್ಟೇ ಬರೆದ ಸಾಲು ಹತ್ತು ಸಾವಿರ ಇದ್ದರೂ ಅವುಗಳಿಂದ ಒಬ್ಬ ಗ್ರಾಹಕರ ದೂರಿಗೂ ಉತ್ತರ ಹುಡುಕಲಾಗದು. ಮಾದರಿಯ ನಡುವೆ ಇರುವ ವಿನಂತಿಯ ಗುರುತು ವಿಶೇಷ ಗಮನಕ್ಕೆ ಅರ್ಹ. ಬ್ರೌಸರಿನಿಂದ ಬಂದ ಕೋರಿಕೆಗೆ ಮೊದಲ ಸರ್ವರಿನಲ್ಲೇ ಒಂದು ಗುರುತು ಅಂಟಿಸಿ, ಅದು ಮುಂದೆ ಯಾವ ಯಾವ ಸರ್ವರಿಗೆ ಹೋದರೂ ಅಲ್ಲಿನ ಲಾಗ್ ಸಾಲುಗಳಲ್ಲಿ ಅದೇ ಗುರುತು ಬರುವಂತೆ ಮಾಡಿದರೆ, ಲಕ್ಷಾಂತರ ಸಾಲುಗಳ ನಡುವಿನಿಂದ ಒಬ್ಬರ ಪಯಣವನ್ನು ಮಾತ್ರ ಹೆಕ್ಕಿ ಜೋಡಿಸಬಹುದು. ಪರದೆಯ ಮೇಲೆ ಬಳಕೆದಾರರಿಗೆ ಕೊಡುವ ಸಂಖ್ಯೆಯೂ ಇದಕ್ಕೇ ತಗುಲಿಕೊಂಡಿದ್ದರೆ ದೂರವಾಣಿಯಲ್ಲಿ ಅವರು ಹೇಳಿದ ಕೂಡಲೇ ಇಡೀ ಕಥೆ ತೆರೆದುಕೊಳ್ಳುತ್ತದೆ.

ಸಮಯದ ವಿಷಯವೂ ಚಿಕ್ಕದಲ್ಲ. ಮಾದರಿಯ 15:42 ಎಂಬುದು ಭಾರತದ ಗಡಿಯಾರದಲ್ಲಿ ರಾತ್ರಿ 9:12. ಒಂದು ಸರ್ವರ್ ಭಾರತೀಯ ಕಾಲಮಾನದಲ್ಲಿ, ಇನ್ನೊಂದು ಜಾಗತಿಕ ಕಾಲಮಾನದಲ್ಲಿ ಬರೆದರೆ, ಅಥವಾ ಎರಡು ಗಡಿಯಾರಗಳ ನಡುವೆ ಕೆಲವೇ ಸೆಕೆಂಡುಗಳ ಅಂತರವಿದ್ದರೂ, ಕಾರಣಕ್ಕಿಂತ ಮೊದಲು ಪರಿಣಾಮ ನಡೆದಂತೆ ಕಾಣುತ್ತದೆ. ಭಾರತದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂದೂ, ಲಾಗ್‌ಗಳನ್ನು 180 ದಿನಗಳ ಕಾಲ ಕಾಪಾಡಿಡಬೇಕೆಂದೂ, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳಿರುವುದರ ಹಿಂದೆ ಈ ತಿಳಿವಳಿಕೆಯಿದೆ.

ಬರೆಯುವುದು ಎಷ್ಟು ಮುಖ್ಯವೋ ಬರೆಯದಿರುವುದೂ ಅಷ್ಟೇ ಮುಖ್ಯ. ಬಂದದ್ದನ್ನೆಲ್ಲ ಲಾಗ್‌ಗೆ ಸುರಿದರೆ ಪಾಸ್‌ವರ್ಡ್, ಒಟಿಪಿ, ಕಾರ್ಡ್ ಸಂಖ್ಯೆ, ಆಧಾರ್ ಸಂಖ್ಯೆಗಳೂ ಅದರಲ್ಲಿ ಸೇರಿಕೊಂಡು, ಡೇಟಾಬೇಸಿಗೆ ಹಾಕಿದ ಬೀಗಗಳೆಲ್ಲ ನಿರರ್ಥಕವಾಗುತ್ತವೆ. 2018ರ ಮೇ 3ರಂದು ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಸೂಚಿಸಬೇಕಾಯಿತು. ಪಾಸ್‌ವರ್ಡ್‌ಗಳನ್ನು ಗೂಢರೂಪಕ್ಕೆ ತರುವ ಮೊದಲೇ ಅವು ಆಂತರಿಕ ಲಾಗ್‌ಗೆ ಇದ್ದಂತೆಯೇ ಬರೆಯಲ್ಪಡುತ್ತಿದ್ದವು. 2019ರ ಮಾರ್ಚ್‌ನಲ್ಲಿ ಫೇಸ್‌ಬುಕ್ ಕೂಡ ಕೋಟ್ಯಂತರ ಪಾಸ್‌ವರ್ಡ್‌ಗಳು ತನ್ನ ಒಳಗಣ ವ್ಯವಸ್ಥೆಗಳಲ್ಲಿ ಓದಬಹುದಾದ ರೂಪದಲ್ಲಿ ಉಳಿದಿದ್ದವೆಂದು ಒಪ್ಪಿಕೊಂಡಿತು.

ಲಾಗ್ ಬರೆಯುವ ಸಲಕರಣೆಯೇ ಅಪಾಯದ ಬಾಗಿಲಾದ ಪ್ರಸಂಗವೂ ಇದೆ. ಜಾವಾದಲ್ಲಿ ಬರೆದ ಅಸಂಖ್ಯ ಅಪ್ಲಿಕೇಶನ್ನುಗಳು ಬಳಸುವ ಲಾಗ್‌ಫೋರ್‌ಜೆ ಎಂಬ ತಂತ್ರಾಂಶವು ತಾನು ಬರೆಯಬೇಕಾದ ಸಾಲಿನಲ್ಲಿ ನಿರ್ದಿಷ್ಟ ರೀತಿಯ ಅಕ್ಷರಗುಚ್ಛ ಕಂಡರೆ ಅದನ್ನು ಆದೇಶವೆಂದು ತಿಳಿದು ಹೊರಗಿನ ಸರ್ವರಿನಿಂದ ಕಾರ್ಯಕ್ರಮವನ್ನು ತರಿಸಿ ನಡೆಸಬಲ್ಲದೆಂಬುದು 2021ರ ಡಿಸೆಂಬರಿನಲ್ಲಿ ಬಯಲಾಯಿತು. ಹುಡುಕಾಟದ ಪೆಟ್ಟಿಗೆಯಲ್ಲೋ ಬಳಕೆದಾರರ ಹೆಸರಿನ ಜಾಗದಲ್ಲೋ ಆ ಗುಚ್ಛವನ್ನು ಬರೆದರೆ ಸಾಕಾಗಿತ್ತು, ಏಕೆಂದರೆ ಅಲ್ಲಿ ಬರೆದದ್ದು ಲಾಗ್‌ಗೆ ಹೋಗುತ್ತಿತ್ತು. ಅಪಾಯದ ಅಳತೆಗೋಲಿನಲ್ಲಿ ಗರಿಷ್ಠವಾದ 10ಕ್ಕೆ 10 ಅಂಕ ಪಡೆದ ಈ ಲೋಪ, ಹೊರಗಿನವರು ಬರೆದ ಯಾವುದನ್ನೂ ದಾಖಲಿಸುವಾಗಲೂ ನಂಬಬಾರದೆಂಬುದನ್ನು ಜಗತ್ತಿನ ತಂತ್ರಜ್ಞರಿಗೆಲ್ಲ ಒಂದೇ ವಾರದಲ್ಲಿ ಕಲಿಸಿತು.

ಬರೆದದ್ದನ್ನು ಓದುವವರು ಬೇಕಲ್ಲವೇ? ಬೆಂಗಳೂರಿನ ಕಂಪನಿಗಳಲ್ಲಿ ‘ಆನ್-ಕಾಲ್’ ಎಂದು ಕರೆಯುವ ಪಾಳಿಯಲ್ಲಿ, ದೋಷಗಳ ಸಂಖ್ಯೆ ಮಿತಿ ಮೀರಿದ ಕೂಡಲೇ ಯಾರೋ ಒಬ್ಬ ಎಂಜಿನಿಯರರ ಫೋನ್ ನಡುರಾತ್ರಿ ರಿಂಗಣಿಸುತ್ತದೆ. ಬಳಕೆದಾರರು ಪಾಸ್‌ವರ್ಡ್ ತಪ್ಪಾಗಿ ಬರೆದದ್ದನ್ನೂ ಎರರ್ ಎಂದೇ ದಾಖಲಿಸುವ ತಂಡಗಳಲ್ಲಿ ಆ ಫೋನ್ ವೃಥಾ ಬಡಿದುಕೊಳ್ಳುತ್ತ, ಕೊನೆಗೆ ನಿಜವಾದ ಕುಸಿತದ ರಾತ್ರಿಯೂ ಅದನ್ನು ಅಲಕ್ಷಿಸುವಂತಾಗುತ್ತದೆ. ಮನುಷ್ಯರು ಎದ್ದು ಕೈಹಾಕಬೇಕಾದ ಸಂಗತಿಗೆ ಮಾತ್ರ ಎರರ್ ಎನ್ನಬೇಕೆಂಬ ಕಟ್ಟುನಿಟ್ಟು ಇಲ್ಲದ ಕಡೆ ಲಾಗ್‌ಗಳು ಬರಿಯ ಡಿಸ್ಕಿನ ಹೊರೆ.

ಲಾಗ್ ಎಂಬುದು ತಂತ್ರಜ್ಞರ ಒಳಮನೆಯ ವ್ಯವಹಾರವಷ್ಟೇ ಎಂದು ಭಾವಿಸುವವರು ಹೊರೈಜನ್ ಪ್ರಕರಣದ ಉಳಿದ ಭಾಗವನ್ನು ತಿಳಿಯಬೇಕು. ತಂತ್ರಾಂಶ ತೋರಿಸಿದ ಖೋತಾವನ್ನು ನಂಬಿ, 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಮಾಸ್ತರರ ಮೇಲೆ ಕಳವು, ವಂಚನೆ, ಸುಳ್ಳುಲೆಕ್ಕಗಳ ಆರೋಪ ಸಾಬೀತಾಯಿತು; ಹಲವರು ಸೆರೆಮನೆಗೆ ಹೋದರು, ಮನೆಮಠ ಕಳೆದುಕೊಂಡರು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಇಂಗ್ಲೆಂಡಿನ ನ್ಯಾಯಾಲಯಗಳು ಮೊದಲಿಗೆ ಭಾವಿಸಬೇಕಾಗಿದ್ದ ಕಾಲವದು. ಆದರೆ ಫುಜಿತ್ಸುವಿನ ತಂತ್ರಜ್ಞರು ಗೊತ್ತಾದ ದೋಷಗಳ ದಾಖಲೆಯೊಂದನ್ನು ಅಷ್ಟೂ ವರ್ಷ ಬರೆದಿಡುತ್ತ ಬಂದಿದ್ದರು. ಅಲನ್ ಬೇಟ್ಸ್ ಅವರ ಮುಂದಾಳತ್ವದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ ಆ ದಾಖಲೆ ಬೆಳಕಿಗೆ ಬಂದು, ಹೊರೈಜನ್‌ನ ದೋಷಗಳಿಂದಲೇ ಲೆಕ್ಕದಲ್ಲಿ ಖೋತಾ ಉಂಟಾಗಬಹುದಾಗಿತ್ತೆಂದು 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಪೀಟರ್ ಫ್ರೇಜರ್ ತೀರ್ಪು ನೀಡಿದರು. 2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಸತ್ತು ಕಾನೂನನ್ನೇ ಮಾಡಿ ನೂರಾರು ಶಿಕ್ಷೆಗಳನ್ನು ರದ್ದುಗೊಳಿಸಿತು. ದೋಷ ಇತ್ತು ಎಂಬುದಕ್ಕಿಂತ, ದೋಷದ ದಾಖಲೆ ಇದ್ದೂ ಅದು ಆರೋಪಿಗಳ ಕೈಗೆ ಸಿಗದೆ ಹೋದದ್ದು ಈ ಪ್ರಕರಣದ ಅಸಹನೀಯ ಭಾಗ.

ಭಾರತದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ ಅದು ತಿದ್ದುಪಡಿಯಾಗಿಲ್ಲವೆಂಬುದನ್ನು ಪರೀಕ್ಷಿಸಲು ನೆರವಾಗುವ ಹ್ಯಾಶ್ ಮೌಲ್ಯದೊಂದಿಗೆ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರ ದಾಖಲೆ ಬದಲಾಗಿಲ್ಲವೆಂದು ಹೇಳಬಲ್ಲದೇ ವಿನಾ, ಅದನ್ನು ಬರೆದ ತಂತ್ರಾಂಶ ದೋಷಗಳನ್ನು ನುಂಗಿರಲಿಲ್ಲವೆಂದು ಹೇಳಲಾರದು. ಅದನ್ನು ಕೇಳಿ ತಿಳಿಯುವ ಹಕ್ಕು ಆರೋಪಿಗೆ ಸಿಗಲೇಬೇಕು.

ಓದುಗರು ತಮ್ಮ ಮಟ್ಟಿಗೆ ನೆನಪಿಡಬೇಕಾದ ಸಂಗತಿಯೂ ಒಂದಿದೆ. ಪಾವತಿಯ ಪರದೆ ನಿಂತುಹೋದಾಗ ಗುಂಡಿಯನ್ನು ಮತ್ತೆ ಒತ್ತದೆ, ವ್ಯವಹಾರದ ವಿವರದಲ್ಲಿರುವ 12 ಅಂಕಿಗಳ ಯುಪಿಐ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿನ ಲಾಗ್‌ನಲ್ಲಿ ಆ ವ್ಯವಹಾರವನ್ನು ಹುಡುಕಿಸುವ ಕೀಲಿ ಅದು. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತೆ, ಯುಪಿಐ ಮೂಲಕ ಒಬ್ಬರಿಗೆ ಕಳುಹಿಸಿದ ಹಣ ಅವರ ಖಾತೆಗೆ ಜಮೆಯಾಗದಿದ್ದರೆ ವ್ಯವಹಾರದ ಮರುದಿನದೊಳಗೆ, ಅಂಗಡಿಗೆ ಪಾವತಿಸಿದ ಹಣದ ದೃಢೀಕರಣ ಅಲ್ಲಿಗೆ ತಲುಪದಿದ್ದರೆ ಐದು ದಿನಗಳೊಳಗೆ ಅದು ತಾನಾಗಿಯೇ ಹಿಂದಿರುಗಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನು, ಗ್ರಾಹಕರು ದೂರು ಕೊಡುವವರೆಗೂ ಕಾಯದೆ, ಖಾತೆಗೆ ಜಮೆಮಾಡಬೇಕು. ಹಾಗೆ ಆಗದಿದ್ದಲ್ಲಿ ಮೊದಲು ಬ್ಯಾಂಕಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಯಾವ ಶುಲ್ಕವೂ ಇಲ್ಲ.